ಭಂಗಾರ ಮತ್ತು ಬಂಗಾರ

ಸೊಲ್ಲಾಪುರದ ಓಣಿಗಳಲ್ಲಿ ಬೆಳಗಿನ ಹೊತ್ತು ಕೈಗಾಡಿ ತಳ್ಳಿಕೊಂಡು ಬರುವವನ ಕೂಗು ಒಂದೇ ಮಾತಿನದು: ‘ಭಂಗಾರ’. ಮರಾಠಿಯಲ್ಲಿ ಅದರ ಅರ್ಥ ಗುಜರಿ. ಕನ್ನಡದ ಮನೆಯೊಳಗೆ ಕುಳಿತ ಕೂಸಿನ ಕಿವಿಗೆ ಅದೇ ಕೂಗು ಚಿನ್ನವೆಂದು ಕೇಳಿಸುತ್ತದೆ. ಎರಡರ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಎರಡು ನುಡಿಗಳ ನಡುವೆ ಬದುಕುವ ಊರಿನಲ್ಲಿ ಈ ಹಾಸ್ಯ ಹಳೆಯದು. ಹಿರಿಯರು ಹೇಳಿ, ಕಿರಿಯರು ನಕ್ಕು, ಸವೆದ ಮಾತು. ಆದರೆ ಕೆಲವೊಮ್ಮೆ ಅಂಗಳದಲ್ಲಿ ನಿಂತ ಒಂದು ವಸ್ತು ಯಾವ ಅಕ್ಷರಕ್ಕೆ ಸೇರಬೇಕೆಂಬುದನ್ನು ಮನೆಯವರು ಸಂಜೆಯೊಳಗೆ ತೀರ್ಮಾನಿಸಬೇಕಾಗಿ ಬರುತ್ತದೆ. ಹೋಟಗಿ ರಸ್ತೆಯ ಕಡೆಯ ಒಂದು ಮನೆಯಲ್ಲಿ ಅಂಥ ಪ್ರಸಂಗ ಬಂದದ್ದು ಒಂದು ಮೋಟಾರಿನ ಡಿಕ್ಕಿಯ ಬಿಜಾಗರಿ ಮುರಿದಾಗ.

ಮೋಟಾರು 1974ರ ಪ್ರೀಮಿಯರ್ ಪದ್ಮಿನಿ. ಅದನ್ನು ಕೊಂಡವರು ಅಕ್ಕಲಕೋಟದ ಸುತ್ತಿನ ಹಳ್ಳಿಗಳಲ್ಲಿ ವೈದ್ಯಕೀಯ ನಡೆಸುತ್ತಿದ್ದ ಒಬ್ಬ ಡಾಕ್ಟರರು. ಈಗ ಅದರ ಒಡೆಯರು ಅವರ ಮಗ, ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರು. ಆ ಕಾರಿನ ಹಿಂದಿನ ಸೀಟಿಗಿಂತ ಡಿಕ್ಕಿಯೇ ಹೆಚ್ಚು ದುಡಿದದ್ದು. ಔಷಧದ ಕಟ್ಟಿಗೆಪೆಟ್ಟಿಗೆ, ಕುದಿಸಿ ಇಟ್ಟ ಸೂಜಿಗಳ ಡಬ್ಬಿ, ಮಳೆಗಾಲದಲ್ಲಿ ಒಂದು ಜೊತೆ ಗಂಬೂಟು, ಮರಳಿ ಬರುವಾಗ ರೋಗಿಗಳು ರೊಕ್ಕದ ಬದಲು ಕೊಟ್ಟ ಜೋಳ, ಕಡಲೆ, ಒಮ್ಮೊಮ್ಮೆ ಒಂದು ಕುಂಬಳಕಾಯಿ. ದಿನಕ್ಕೆ ಹತ್ತು ಸಲವಾದರೂ ಆ ಮುಚ್ಚಳ ಏಳುತ್ತಿತ್ತು, ಬೀಳುತ್ತಿತ್ತು. ಡಾಕ್ಟರರು ತೀರಿದ ಮೇಲೆ ಕಾರು ಹೆಚ್ಚು ನಿಂತೇ ಇತ್ತು. ಬಿಜಾಗರಿಯ ಕೇಡು ದುಡಿದ ವರ್ಷಗಳಲ್ಲಿ ಬರಲಿಲ್ಲ; ನಿಂತ ವರ್ಷಗಳಲ್ಲಿ ಬಂದಿತು. ಈ ಸಂಗತಿಯೇ ಇಡೀ ದುರಸ್ತಿಯ ಬೀಗದಕೈ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಪದ್ಮಿನಿಗೂ ಸೊಲ್ಲಾಪುರಕ್ಕೂ ಒಂದು ನಂಟುಂಟು. ಅದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲಚಂದ್ ಹಿರಾಚಂದ್ ಹುಟ್ಟಿದ್ದು 1882ರಲ್ಲಿ, ಇದೇ ಸೊಲ್ಲಾಪುರದಲ್ಲಿ. ಹಡಗು, ವಿಮಾನ, ಮೋಟಾರು ಈ ಮೂರನ್ನೂ ದೇಶದೊಳಗೇ ಮಾಡಬೇಕೆಂದು ಹಟ ತೊಟ್ಟವರು ಅವರು. ಬೆಂಗಳೂರಿನಲ್ಲಿ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದದ್ದೂ ಅವರ ಉದ್ಯಮದಿಂದಲೇ. ಮೋಟಾರಿನ ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಿ ನೆಲೆಗೊಂಡಿತು. ಇಟಲಿಯ ಫಿಯೆಟ್ ಕಂಪನಿಯ 1100 ಮಾದರಿಯ ಕಾರು ಅಲ್ಲಿ ತಯಾರಾಗತೊಡಗಿ, 1964ರಲ್ಲಿ ‘ಡಿಲೈಟ್’ ಎನಿಸಿ, 1970ರ ದಶಕದ ಮೊದಲಲ್ಲಿ ಕೆಲಕಾಲ ‘ಪ್ರೆಸಿಡೆಂಟ್’ ಆಗಿ, 1974ರಲ್ಲಿ ‘ಪದ್ಮಿನಿ’ ಎಂಬ ಹೆಸರು ಪಡೆಯಿತು. 1,089 ಸಿ.ಸಿ.ಯ ಎಂಜಿನ್ನು, ಸ್ಟೇರಿಂಗಿನ ಕಂಬಕ್ಕೇ ಹತ್ತಿದ ಗೇರಿನ ಕೋಲು. ಹೊಸ ಶತಮಾನ ಬರುವ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಉಳಿದಿದ್ದ ಪದ್ಮಿನಿಗಳೂ 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆ ಬಿಟ್ಟವು. ಇಷ್ಟು ಹೇಳಿದ್ದರ ಉದ್ದೇಶ ಒಂದೇ: ಇಂಥ ಕಾರಿನ ಬಿಜಾಗರಿಯನ್ನು ಅಂಗಡಿಗೆ ಹೋಗಿ ಕೇಳುವ ಕಾಲ ಮುಗಿದಿದೆ.

ಬಿಜಾಗರಿ ಎಂಬ ಮಾತೇ ದೂರದಿಂದ ಬಂದದ್ದು. ಪೋರ್ಚುಗೀಸರು ಕದಕ್ಕೆ ಹಾಕುತ್ತಿದ್ದ ‘ಬಿಸಾಗ್ರ’ ಕೊಂಕಣಿಗೆ, ಮರಾಠಿಗೆ, ಕನ್ನಡಕ್ಕೆ ಬಂದು ಬಿಜಾಗರಿಯಾಯಿತು, ಮಲಯಾಳದಲ್ಲಿ ವಿಜಾಗಿರಿಯಾಯಿತು. ಕಾಸರಗೋಡಿನ ಬಡಗಿಯೂ ಸೊಲ್ಲಾಪುರದ ಮಿಸ್ತ್ರಿಯೂ ಹೆಚ್ಚುಕಡಿಮೆ ಒಂದೇ ಹೆಸರಿನಿಂದ ಕರೆಯುವ ಸಾಮಾನು ಅದು. ಎರಡು ತುಂಡುಗಳನ್ನು ಬಿಡದೆ ಹಿಡಿದು, ಎರಡಕ್ಕೂ ತಿರುಗಲು ಎಡೆ ಕೊಡುವುದೇ ಅದರ ಕಸುಬು. ಕದ ನೆಟ್ಟಗೆ ತೂಗಿದರೆ ಅದನ್ನು ಯಾರೂ ನೆನೆಯುವುದಿಲ್ಲ. ಮೋಟಾರಿನಲ್ಲಂತೂ ಎಂಜಿನ್ನಿಗೆ ಎಣ್ಣೆ, ಟಯರಿಗೆ ಗಾಳಿ, ಗಾಜಿಗೆ ಅರಿವೆ ಎಂದು ಉಪಚಾರ ನಡೆದಾಗಲೂ ಡಿಕ್ಕಿಯ ಎರಡು ಬಿಜಾಗರಿಗಳ ಸರದಿ ಬರುವುದು ಅಪರೂಪ.

ಮಾಸ್ತರರ ಕಾರಿನಲ್ಲಿ ಎಡಗಡೆಯ ಬಿಜಾಗರಿ ಎರಡು ವರ್ಷದ ಹಿಂದೆಯೇ ಒಮ್ಮೆ ಸೀಳಿತ್ತು. ಆಗ ಹತ್ತಿರದ ವೆಲ್ಡಿಂಗ್ ಅಂಗಡಿಯವನು ಕಾರಿನ ಮೇಲಿದ್ದಂತೆಯೇ ಒಂದು ಬೆಸುಗೆ ಹಾಕಿ ಕಳಿಸಿದ್ದ. ಈ ಸಲ ಅದು ಬೆಸುಗೆಯ ಪಕ್ಕದಲ್ಲೇ ಪೂರ್ತಿ ತುಂಡಾಯಿತು. ಮುಚ್ಚಳ ಒಂದೇ ಕಾಲಿನ ಮೇಲೆ ನಿಂತಂತೆ ವಾಲಿ, ಅದರ ಮೂಲೆ ಹಿಂದಿನ ಗಾಜಿನ ಕೆಳಗಿನ ಪತ್ರಾಕ್ಕೆ ತಾಗಿ ಬಣ್ಣ ಎದ್ದುಹೋಯಿತು. ಒಂದು ಗ್ಯಾರೇಜಿನವರು ಬೇರೆ ಹೊಸ ಕಾರಿನ ಬಿಜಾಗರಿ ತಂದು, ಅದಕ್ಕೆ ತಕ್ಕಂತೆ ಬಾಡಿಯ ಪತ್ರಾ ಕತ್ತರಿಸಿ ಕೂಡಿಸುವುದಾಗಿ ಹೇಳಿದರು. ಮತ್ತೊಬ್ಬರು ಡಿಕ್ಕಿಯನ್ನು ನಟ್ಟು-ಬೋಲ್ಟು ಹಾಕಿ ಮುಚ್ಚಿಬಿಡಿ ಎಂದರು. ಮನೆಯಲ್ಲಿ ಮಗ ಭಂಗಾರದವನ ನಂಬರು ಹುಡುಕಿ ಇಟ್ಟ.

ಪತ್ರಾ ಕತ್ತರಿಸುವ ಮಾತಿಗೆ ಮಾಸ್ತರರು ಹಿಂಜರಿದದ್ದಕ್ಕೆ ಮಮತೆಯೊಂದೇ ಕಾರಣವಾಗಿರಲಿಲ್ಲ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಷರತ್ತೆಂದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದು. ಅಂಥ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮೊದಲಾದವಕ್ಕೆ ಮಾತ್ರ ಎಂಬುದೂ ನಿಯಮದಲ್ಲಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಹೋಗಬೇಕೆನ್ನುವ ಮಾಸ್ತರರಿಗೆ ಆ ನೋಂದಣಿ ಈಗಲೇ ಬೇಕಾಗಿರಲಿಲ್ಲ. ಆದರೂ ಒಮ್ಮೆ ಕತ್ತರಿಸಿದ ಪತ್ರಾ ಮುಂದಿನವರ ಬಾಗಿಲನ್ನೂ ಮುಚ್ಚುತ್ತದೆ ಎಂಬ ತಿಳಿವಳಿಕೆ ಅವರಿಗಿತ್ತು.

ಕಡೆಗೆ ಕಾರು ಹೋದದ್ದು ಅಕ್ಕಲಕೋಟ ರಸ್ತೆಯ ಒಬ್ಬ ವೃದ್ಧ ಮಿಸ್ತ್ರಿಯ ತಗಡಿನ ಚಪ್ಪರದ ಕೆಳಗೆ. ಅವರು ಮೊದಲ ಅರ್ಧ ಗಂಟೆ ಯಾವ ಪಾನಾವನ್ನೂ ಕೈಗೆತ್ತಿಕೊಳ್ಳಲಿಲ್ಲ. ಮುರಿದ ಪಟ್ಟಿಯ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮುರಿದ ಮೈಯ ಮುಕ್ಕಾಲು ಭಾಗ ಕಂದು ಬಣ್ಣಕ್ಕೆ ತಿರುಗಿತ್ತು. ಉಳಿದ ಕಾಲು ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಕಂದು ಹಳೆಯ ಸೀಳು, ತಿಂಗಳುಗಟ್ಟಲೆ ತುಕ್ಕು ತಿಂದದ್ದು. ಬಿಳುಪು ಕೊನೆಯ ದಿನದ್ದು. ಅಂದರೆ ಬಿಜಾಗರಿ ಒಂದು ಪೆಟ್ಟಿಗೆ ಮುರಿದಿರಲಿಲ್ಲ. ಬಹುದಿನದಿಂದ ಮುರಿಯುತ್ತಲೇ ಇತ್ತು.

“ಮಾಸ್ತರ್ರ, ಇದು ಮುರದದ್ದು ಆಮ್ಯಾಲ. ಮೊದಲ ಇದು ತಿರುಗೂದು ಬಿಟ್ಟದ,” ಎಂದರು ಮಿಸ್ತ್ರಿ.

“ತಿರುಗೂದು ಬಿಟ್ರ ಮುಚ್ಚಳ ಹೆಂಗ ತೆರೀತಿತ್ರಿ ಮಿಸ್ತ್ರಿ?”

“ಒಳಗಿನ ಪಿನ್ನು ತುಕ್ಕು ಹಿಡದು ಬಿಗದದ. ತಿರುಗಲಿಲ್ಲ ಅಂದ್ರ ಪಟ್ಟಿ ಬಾಗಬೇಕಲ್ರಿ. ತೆರದಾಗೊಮ್ಮೆ ಬಾಗೂದು, ಮುಚ್ಚಿದಾಗೊಮ್ಮೆ ಬಾಗೂದು. ಎಷ್ಟು ದಿನ ಬಾಗೀತು?”

ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ತುಂಡುಮಾಡುವ ಹುಡುಗರಿಗೂ ಗೊತ್ತಿರುವ ನ್ಯಾಯವಿದು. ಉಕ್ಕು ಒಂದು ಸಲದ ಭಾರಿ ಹೊರೆಯನ್ನು ತಾಳಿಕೊಳ್ಳಬಲ್ಲದು; ಸಣ್ಣ ಬಾಗುವಿಕೆಯನ್ನು ಸಾವಿರಾರು ಸಲ ತಾಳಲಾರದು. ಅದು ಅತಿ ಹೆಚ್ಚು ಬಾಗುವ ತಿರುವಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತದೆ. ಹಿಂದಿನ ವೆಲ್ಡಿಂಗಿನವನು ಬಿರುಕನ್ನು ತುಂಬಿದ್ದ, ಪಿನ್ನನ್ನು ಮುಟ್ಟಿರಲಿಲ್ಲ. ತಿರುಗದ ಬಿಜಾಗರಿಯನ್ನು ಎಷ್ಟು ಗಟ್ಟಿಯಾಗಿ ಬೆಸೆದರೂ ಬಾಗುವ ಕೆಲಸ ಬೆಸುಗೆಯ ಪಕ್ಕದ, ಕಾದು ಗುಣಗೆಟ್ಟ ಕಬ್ಬಿಣದ ಪಾಲಿಗೆ ಬರುತ್ತದೆ. ಅಲ್ಲಿಯೇ ಅದು ಎರಡನೆಯ ಸಲ ಮುರಿದಿತ್ತು. ಮುಚ್ಚಳದ ಸುತ್ತಿನ ರಬ್ಬರ್ ಬೀಡಿಂಗು ಒಣಗಿ ಕಲ್ಲಾಗಿ, ಅದರ ಸಂದಿನಿಂದ ಮಳೆನೀರು ಒಳಗಿಳಿದು ಪಿನ್ನಿಗೆ ತುಕ್ಕು ಹಿಡಿಸಿತ್ತು. ಎಡದ್ದು ಬಿಗಿದುಕೊಂಡ ವರ್ಷಗಳಲ್ಲಿ ಮುಚ್ಚಳದ ಎಳೆದಾಟವನ್ನೆಲ್ಲ ಬಲದ್ದು ತಾಳಿಕೊಂಡು, ಅದರ ಪಿನ್ನಿನ ತೂತು ದುಂಡಗಿನದು ಹೋಗಿ ಮೊಟ್ಟೆಯಾಕಾರವಾಗಿತ್ತು. ಮುರಿದದ್ದು ಒಂದು, ಸವೆದದ್ದು ಇನ್ನೊಂದು. ದುರಸ್ತಿ ಎರಡಕ್ಕೂ ಆಗಬೇಕಿತ್ತು.

ಬಿಚ್ಚುವ ಕೆಲಸಕ್ಕೆ ಮಿಸ್ತ್ರಿ ಹೆಚ್ಚು ಹೊತ್ತು ತೆಗೆದುಕೊಂಡರು. ಮೊದಲು ಮುಚ್ಚಳದ ಎರಡೂ ಮೂಲೆಗಳ ಕೆಳಗೆ ಗೋಣಿತಟ್ಟು, ಅದರ ಮೇಲೆ ಹಳೆಯ ಚಾದರು ಮಡಿಸಿ ಹಾಕಿದರು. ಬಿಜಾಗರಿಯ ಪಟ್ಟಿ ಮುಚ್ಚಳಕ್ಕೆ ಕೂಡುವ ಕಡೆ ಅದರ ಅಂಚಿನುದ್ದಕ್ಕೂ ಮೊನೆಯಿಂದ ಗೀರು ಎಳೆದರು. ಬೋಲ್ಟಿನ ತಲೆಯ ಸುತ್ತಲೂ ಹಾಗೆಯೇ. ಕಾರ್ಖಾನೆಯಲ್ಲಿ ಬೋಲ್ಟಿನ ತೂತುಗಳನ್ನು ಸರಿಹೊಂದಿಸಲೆಂದೇ ತುಸು ದೊಡ್ಡದಾಗಿ ಬಿಟ್ಟಿರುತ್ತಾರೆ. ಗುರುತಿಲ್ಲದೆ ಬಿಚ್ಚಿದವನು ಮರಳಿ ಕೂಡಿಸುವಾಗ ಒಂದು ದಿನವಿಡೀ ಮುಚ್ಚಳದೊಡನೆ ಗುದ್ದಾಡಬೇಕಾಗುತ್ತದೆ. ಮುಚ್ಚಳವನ್ನು ಎತ್ತಿ ಹಿಡಿಯಲು ಕೆಲವು ಕಾರುಗಳಲ್ಲಿ ಹುರಿಗೊಂಡ ಉಕ್ಕಿನ ಸರಳು ಅಥವಾ ಸ್ಪ್ರಿಂಗು ಇರುತ್ತದೆ. ಬಿಗಿತದಲ್ಲಿರುವ ಆ ಸರಳನ್ನು ತಿಳಿಯದೆ ಬಿಚ್ಚಿದರೆ ಅದು ಚಿಮ್ಮಿ ಕೈಯನ್ನೋ ಕಣ್ಣನ್ನೋ ತೆಗೆಯಬಲ್ಲದು. ಆದ್ದರಿಂದ ಅದನ್ನು ಮೊದಲು ನೋಡಿ, ಬಿಗಿತ ಇಳಿಸಿ, ಇಬ್ಬರು ಮುಚ್ಚಳವನ್ನು ಹಿಡಿದುಕೊಂಡ ಮೇಲೆಯೇ ಬೋಲ್ಟಿಗೆ ಕೈ ಹಚ್ಚಬೇಕು. ಬ್ಯಾಟರಿಯ ತಂತಿ ಕಳಚಿ, ಬಿಜಾಗರಿಯನ್ನು ಕಾರಿನಿಂದ ಹೊರಗೆ ತೆಗೆದು ಬೆಸೆಯುವುದೇ ಸರಿ. ಪೆಟ್ರೋಲಿನ ಟಾಕಿ ಹಿಂಭಾಗದಲ್ಲಿರುವ ಕಾರಿನ ಡಿಕ್ಕಿಯಲ್ಲಿ ಕಿಡಿ ಹಾರಿಸುವುದು ಆತ್ಮಹತ್ಯೆಗೆ ಸಮ.

ಬಿಗಿದ ಪಿನ್ನಿಗೆ ಸೀಮೆಎಣ್ಣೆ ಮತ್ತು ತೆಳುವಾದ ಎಂಜಿನ್ ಎಣ್ಣೆ ಬೆರೆಸಿ ರಾತ್ರಿಯಿಡೀ ನೆನೆಹಾಕಿದರು. ಬೆಳಿಗ್ಗೆ ಅದರ ಸುತ್ತಲಿನ ಕಬ್ಬಿಣವನ್ನು ತುಸು ಕಾಯಿಸಿ, ಕೆಳಗೆ ಆಧಾರ ಕೊಟ್ಟು, ಹಗುರವಾಗಿ ಬಡಿದಾಗ ಪಿನ್ನು ಅಂಗುಲ ಅಂಗುಲವಾಗಿ ಹೊರಬಂದಿತು. ಅದರ ಮೈ ಗೆದ್ದಲು ತಿಂದ ಕಡ್ಡಿಯಂತಿತ್ತು.

ಬೆಸೆಯುವ ಮುನ್ನ ಲೋಹ ಯಾವುದೆಂದು ತಿಳಿಯಬೇಕು. ಹಳೆಯ ಕಾರುಗಳ ಎಲ್ಲ ಬಿಜಾಗರಿಗಳೂ ಒಂದೇ ಜಾತಿಯವಲ್ಲ. ಅಚ್ಚೊತ್ತಿದ ಉಕ್ಕಿನ ಪಟ್ಟಿಯಾದರೆ ಸಾಮಾನ್ಯ ಬೆಸುಗೆ ಹಿಡಿಯುತ್ತದೆ. ಎರಕದ ಕಬ್ಬಿಣವಾದರೆ ನೇರ ಬೆಸುಗೆಗೆ ಅದು ಬಿರುಕುಬಿಡುತ್ತದೆ. ಅದಕ್ಕೆ ಗ್ಯಾಸಿನಲ್ಲಿ ಕಾಯಿಸಿ ಹಿತ್ತಾಳೆ ತುಂಬುವುದು ವಾಸಿ. ಕೆಲವು ವಿದೇಶಿ ಕಾರುಗಳ ಹೊರಗೆ ಕಾಣುವ, ಹೊಳಪು ಕೊಟ್ಟ ಬಿಜಾಗರಿಗಳು ಸತುವಿನ ಎರಕದವು. ಅವು ಬೆಂಕಿ ಕಂಡೊಡನೆ ಮೇಣದಂತೆ ಕುಸಿಯುತ್ತವೆ. ಪರೀಕ್ಷೆ ಸುಲಭ. ಅಯಸ್ಕಾಂತ ಹಿಡಿದರೆ ಹತ್ತದಿರುವುದು ಸತು. ಹತ್ತಿದರೆ, ಅರದಿಂದ ತಿಕ್ಕಿದಾಗ ಹೊಳೆಯುವ ಎಳೆ ಬಂದರೆ ಉಕ್ಕು, ಕಪ್ಪು ಪುಡಿ ಉದುರಿದರೆ ಎರಕದ ಕಬ್ಬಿಣ. ಮಾಸ್ತರರ ಕಾರಿನದು ಉಕ್ಕೆಂದು ಗೊತ್ತಾಯಿತು.

ಹಳೆಯ ಬೆಸುಗೆಯನ್ನೆಲ್ಲ ಕೊರೆದು ತೆಗೆದು, ಕಬ್ಬಿಣ ಬೆಳ್ಳಗಾಗುವವರೆಗೆ ಬಣ್ಣ, ತುಕ್ಕು, ಎಣ್ಣೆಗಳನ್ನು ಉಜ್ಜಿ ಕಳೆದರು. ಮುರಿದ ಎರಡೂ ಅಂಚುಗಳನ್ನು ಓರೆಯಾಗಿ ಅರೆದು, ಕೂಡಿಸಿದಾಗ ನಡುವೆ ಉಳುಮೆಯ ಸಾಲಿನಂಥ ತಗ್ಗು ಉಳಿಯುವಂತೆ ಮಾಡಿದರು. ಬೆಸುಗೆ ಮೇಲೆ ಕುಳಿತರೆ ಸಾಲದು, ತಳದವರೆಗೆ ಇಳಿಯಬೇಕು. ಪಕ್ಕದಲ್ಲಿ ಕಂಡ ಇನ್ನೊಂದು ಸಣ್ಣ ಬಿರುಕಿನ ತುದಿಗೆ ಒಂದು ಚಿಕ್ಕ ತೂತು ಕೊರೆದರು. ಚೂಪಾದ ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಬಳಿಕ ಬಲಗಡೆಯ ಬಿಜಾಗರಿಯನ್ನು ಬಿಳಿಯ ರಟ್ಟಿನ ಮೇಲಿಟ್ಟು ಅದರ ಆಕಾರ ಗೀಚಿ, ರಟ್ಟನ್ನು ಮಗುಚಿದರು. ಎಡದ್ದು ಬಲದ್ದರ ಕನ್ನಡಿಯ ಬಿಂಬವಾದ್ದರಿಂದ ಮಗುಚಿದ ಗೆರೆಯೇ ಎಡದ್ದರ ಅಳತೆ. ಆ ಗೆರೆಗೆ ತುಂಡುಗಳನ್ನು ಹೊಂದಿಸಿ, ಬಿಗಿದು, ಮೊದಲು ಎರಡು ಚುಕ್ಕೆ ಬೆಸುಗೆ ಹಾಕಿ, ಮತ್ತೆ ಗೆರೆಯ ಮೇಲಿಟ್ಟು ನೋಡಿ, ಆಮೇಲೆ ಎರಡೂ ಬದಿಗೆ ಪೂರ್ತಿ ಬೆಸೆದರು. ಹಿಂಬದಿಗೆ, ತಿರುಗಾಟಕ್ಕೆ ಅಡ್ಡಬಾರದಂತೆ, 3 ಮಿ.ಮೀ. ದಪ್ಪದ ಸಣ್ಣ ಪಟ್ಟಿಯೊಂದನ್ನು ಆಸರೆಯಾಗಿ ಕೂಡಿಸಿದರು. ಕೆಂಪಗಿದ್ದ ಕಬ್ಬಿಣವನ್ನು ಕೆಲಸದ ಹುಡುಗ ನೀರಿಗೆ ಅದ್ದಲು ಹೋದಾಗ ಮಿಸ್ತ್ರಿ ಅವನ ಕೈ ತಡೆದರು. ದಿಢೀರನೆ ತಂಪಾದ ಬೆಸುಗೆ ಪೆಡಸಾಗುತ್ತದೆ. ಅದು ತಾನಾಗಿಯೇ ಆರಬೇಕು. ಹುಡುಗನಿಗೆ ಆ ಗಳಿಗೆಯಲ್ಲಿ ಸಿಕ್ಕ ಪಾಠ ಯಾವ ಪುಸ್ತಕದ ಪಾಠಕ್ಕೂ ಕಡಿಮೆಯದಲ್ಲ.

ಎರಡು ಪಿನ್ನುಗಳೂ ಲೇಥಿನಲ್ಲಿ ಹೊಸದಾಗಿ ತಯಾರಾದವು. ಮೊಟ್ಟೆಯಾಕಾರವಾದ ತೂತಿಗೆ ಹೊಸ ಪಿನ್ನು ಹಾಕಿದ ಮಾತ್ರಕ್ಕೆ ಉಪಯೋಗವಿಲ್ಲ, ಅದು ಗಿಲಕಿಯಂತೆ ಅಲುಗಾಡುತ್ತದೆ. ಆದ್ದರಿಂದ ತೂತನ್ನು ದೊಡ್ಡದಾಗಿ, ದುಂಡಗೆ ಕೊರೆದು ಅದರೊಳಗೆ ಹಿತ್ತಾಳೆಯ ಬುಶ್ ಒತ್ತಿ ಕೂಡಿಸಿದರು. ಉಕ್ಕಿನ ಪಿನ್ನು ಹಿತ್ತಾಳೆಯಲ್ಲಿ ತಿರುಗಿದರೆ ಸವೆಯುವುದು ಹಿತ್ತಾಳೆ. ಮುಂದೆಂದಾದರೂ ಬುಶ್ ಬದಲಿಸಿದರೆ ಸಾಕು, ಬಿಜಾಗರಿ ಉಳಿಯುತ್ತದೆ. ಇಂದಿನ ದುರಸ್ತಿ ಮುಂದಿನ ದುರಸ್ತಿಗೂ ದಾರಿ ಬಿಡುವುದು ಹೀಗೆ. ಕೆಂಪು ಆಕ್ಸೈಡ್ ಬಳಿದು, ಒಣಗಿಸಿ, ಕಾರಿನ ಬಣ್ಣವನ್ನೇ ಕೊಟ್ಟರು.

ಮರಳಿ ಕೂಡಿಸುವಾಗ ಬೋಲ್ಟುಗಳನ್ನು ಅರ್ಧ ಬಿಗಿದು, ಗೀರಿದ ಗುರುತಿಗೆ ಪಟ್ಟಿಯನ್ನು ತಂದರು. ಮೊದಲ ಸಲ ಮುಚ್ಚಳವನ್ನು ಬೀಳಗೊಡದೆ ಕೈಯಲ್ಲಿಯೇ ಮೆಲ್ಲಗೆ ಇಳಿಸಿದರು. ಎಲ್ಲಿಯಾದರೂ ತಾಗಿದರೆ ಬಣ್ಣ ಹೋಗುವ ಮುನ್ನ ತಿಳಿಯಬೇಕು. ಸುತ್ತಲಿನ ಸಂದು ಸಮನಾಗಿದೆಯೇ ಎಂದು ನೋಡಲು ಮಿಸ್ತ್ರಿ ಬಳಸಿದ ಸಾಧನ ಎರಡಾಗಿ ಮಡಿಸಿದ ರಟ್ಟಿನ ತುಂಡು. ಅದು ನಾಲ್ಕೂ ಕಡೆ ಒಂದೇ ಬಿಗಿಯಲ್ಲಿ ಸರಿದಾಡುವವರೆಗೆ ಮುಚ್ಚಳವನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಕೂದಲಷ್ಟು ಕೂದಲಷ್ಟು ಸರಿಸಿದರು. ಎತ್ತರ ತಗ್ಗಿದ ಕಡೆ ತೆಳುವಾದ ವಾಶರ್ ಇಟ್ಟರು. ಬೀಗ ಹಿಡಿಯುವ ಕೊಂಡಿಯನ್ನು ಸರಿಪಡಿಸಿದ್ದು ಎಲ್ಲಕ್ಕಿಂತ ಕಡೆಗೆ. ಬಿಜಾಗರಿ ಸರಿಯಾಗುವ ಮುನ್ನ ಬೀಗವನ್ನು ಎಳೆದಾಡಿದರೆ ಎರಡೂ ಕೆಡುತ್ತವೆ. ಹೊಸ ಬೀಡಿಂಗು ಹಳೆಯದಷ್ಟೇ ದಪ್ಪದ್ದಿರಲಿ ಎಂದು ಮಾಸ್ತರರನ್ನೇ ಅಂಗಡಿಗೆ ಕಳಿಸಿ ತರಿಸಿದರು. ದಪ್ಪ ಹೆಚ್ಚಾದರೆ ಮುಚ್ಚಿದಾಗಲೆಲ್ಲ ಅದು ಮುಚ್ಚಳವನ್ನು ಮೇಲಕ್ಕೆ ನೂಕಿ ಅದೇ ಬಿಜಾಗರಿಗಳಿಗೆ ಹೊರೆಯಾಗುತ್ತದೆ.

ಮೂರನೆಯ ದಿನ ಸಂಜೆ ಮಾಸ್ತರರು ಒಂದೇ ಬೆರಳಿನಿಂದ ಡಿಕ್ಕಿಯನ್ನು ಎತ್ತಿದರು. ಅದು ಕಿರುಗುಡಲಿಲ್ಲ. ಇಳಿಸಿದಾಗ ‘ಟಕ್’ ಎಂಬ ಒಂದೇ ಸದ್ದು. ಡಾಕ್ಟರರು ಹಳ್ಳಿಯಿಂದ ಮರಳಿದರೆಂದು ಒಂದು ಕಾಲಕ್ಕೆ ಮನೆಯವರಿಗೆ ತಿಳಿಯುತ್ತಿದ್ದದ್ದು ಆ ಸದ್ದಿನಿಂದ. ಮಾಸ್ತರರು ಅದನ್ನು ಯಾರಿಗೂ ಹೇಳಲಿಲ್ಲ. ಇನ್ನೊಮ್ಮೆ ಎತ್ತಿ, ಇನ್ನೊಮ್ಮೆ ಇಳಿಸಿದರು.

ಈ ದುರಸ್ತಿಯಲ್ಲಿ ದುಬಾರಿಯಾದ ಸಾಮಾನು ಒಂದೂ ಇರಲಿಲ್ಲ. ದುಬಾರಿಯಾದದ್ದು ಹೊತ್ತು, ಮತ್ತು ಮುರಿದದ್ದನ್ನು ಕೂಡಿಸುವ ಮುನ್ನ ಅದು ಏಕೆ ಮುರಿಯಿತೆಂದು ಕೇಳುವ ತಾಳ್ಮೆ. ಹೊಸ ಕಾರುಗಳ ಗ್ಯಾರೇಜಿನಲ್ಲಿ ಕೆಟ್ಟದ್ದನ್ನು ಕಿತ್ತು ಹೊಸದನ್ನು ಹಾಕುವುದೇ ರೂಢಿ. ಅಲ್ಲಿ ಆ ಪ್ರಶ್ನೆಗೆ ಎಡೆ ಕಡಿಮೆ. ಮಿಸ್ತ್ರಿಯ ಬಳಿ ಇರುವ ಹುಡುಗನೂ ಬೇರೆ ಕೆಲಸ ಸಿಕ್ಕರೆ ಹೋಗುವವನೇ. ಬಿಜಾಗರಿಗೆ ಬುಶ್ ಕೂಡಿಸಬಲ್ಲ ಕೈಗಳು ಕಡಿಮೆಯಾದಂತೆ ಅಂಗಳದಲ್ಲಿ ಭಂಗಾರ ಹೆಚ್ಚಾಗುತ್ತದೆ. ಕಬ್ಬಿಣ ಹಳೆಯದಾದುದರಿಂದ ಮಾತ್ರ ಗುಜರಿಯಾಗುವುದಿಲ್ಲ. ಅದನ್ನು ತಿಳಿದವರು ಇಲ್ಲವಾದಾಗ ಗುಜರಿಯಾಗುತ್ತದೆ.

ಹೊರಡುವಾಗ ಮಾಸ್ತರರು ಇನ್ನು ಏನು ಜೋಪಾನ ಮಾಡಬೇಕೆಂದು ಕೇಳಿದರು. ಗ್ರೀಸು ಬಳಿಯಬೇಡಿ ಎಂದರು ಮಿಸ್ತ್ರಿ. ಸೊಲ್ಲಾಪುರದ ಧೂಳು ಗ್ರೀಸಿಗೆ ಹತ್ತಿ ಅರದಂತೆ ತಿನ್ನುತ್ತದೆ. ತೆಳುವಾದ ಎಣ್ಣೆ, ಮೃಗದ ಮಳೆಗೆ ಮೊದಲೊಮ್ಮೆ, ದಸರೆಗೊಮ್ಮೆ, ಹೆಚ್ಚಾದದ್ದನ್ನು ಅರಿವೆಯಿಂದ ಒರೆಸಿದರೆ ಆಯಿತು. ನಿಂತ ಕಾರಾದರೂ ವಾರಕ್ಕೊಮ್ಮೆ ಡಿಕ್ಕಿ ತೆರೆದು ಮುಚ್ಚಬೇಕು.

“ಖಂಡೇನವಮಿಗೆ ಗಾಡಿಗಿ ಹೂವಿನ ಮಾಲಿ ಹಾಕ್ತೀರಲ್ರಿ ಮಾಸ್ತರ್ರ, ಅವತ್ತ ಹಿಂದ ಬಂದು ಎರಡು ಹನಿ ಎಣ್ಣಿನೂ ಬಿಡ್ರಿ. ಪೂಜಿ ಮುಂದ ಮಾಡಿದ್ರೂ ಭಾರ ಹಿಂದ ಇರ್ತದ.”